ಬೆಟ್ಟದ ದೀಪ, ಚಂದ್ರನ ಕನ್ನಡಿ

ಎಣ್ಣೂರಿನ ಕಡಲದಂಡೆಯಲ್ಲಿ ಇರುಳು ಹೊತ್ತು ನಿಂತರೆ ದೂರದಲ್ಲಿ ಲಂಗರು ಹಾಕಿದ ಹಡಗುಗಳ ದೀಪಗಳು ಕಾಣುತ್ತವೆ. ಅವುಗಳ ಮೇಲೆ ನಕ್ಷತ್ರಗಳು. ಒಮ್ಮೆ ನಮ್ಮ ಮಕ್ಕಳು ಟಾರ್ಚನ್ನು ಹಡಗಿನತ್ತ ಹಿಡಿದು, ಹೊತ್ತಿಸಿ ಆರಿಸಿ, ಉತ್ತರಕ್ಕಾಗಿ ಕಾದರು. ಉತ್ತರ ಬಾರದಿರಲು ಅದನ್ನೇ ನಕ್ಷತ್ರಗಳತ್ತ ತಿರುಗಿಸಿದರು. ನಾವು ನಕ್ಕೆವು. ಆದರೆ ಈ ಆಟವನ್ನು ಮಹಾ ವಿದ್ವಾಂಸರೂ ಆಡಿರುವರು. ಆ ಕಥೆಯ ಒಂದು ಎಳೆ ಈ ಊರಿನಿಂದ ನಮ್ಮ ನಾಡಿಗೇ ಹೋಗುತ್ತದೆ.

1802ನೆಯ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದರಾಸಿನ ಪರಂಗಿಮಲೈ ಬಳಿ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಅಳೆಯತೊಡಗಿದನು. ಆ ಗೆರೆಯನ್ನೇ ಆಧಾರವಾಗಿಟ್ಟು ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಪಡುವಲಿಗೆ ನಡೆದನು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಅಳೆದು ನೋಡಿದಾಗ, ಮದರಾಸಿನಿಂದ ಬಂದ ಲೆಕ್ಕಕ್ಕೂ ಅದಕ್ಕೂ ಕೆಲವೇ ಅಂಗುಲಗಳ ವ್ಯತ್ಯಾಸ! ಮುಂದೆ ಮೈಸೂರು ಸೀಮೆಯನ್ನು ದಾಟಿ ತ್ರಿಕೋನಗಳು ಮಂಗಳೂರಿನ ಕಡಲನ್ನು ಮುಟ್ಟಿದವು. ಅಷ್ಟುಹೊತ್ತಿಗೆ ಇನ್ನೊಂದು ಸೋಜಿಗ ಹೊರಬಿದ್ದಿತು. ನಕಾಶೆಗಳಲ್ಲಿ 400 ಮೈಲಿ ಅಗಲವಿದ್ದ ಪರ್ಯಾಯದ್ವೀಪವು ನಿಜವಾಗಿ 360 ಮೈಲಿ ಮಾತ್ರ. ನಲವತ್ತು ಪೈಸೆ ತಾಳೆಯಾಗದಿದ್ದರೆ ಕತ್ತಲಾಗುವ ತನಕ ಲೆಡ್ಜರು ತಿರುವಿಹಾಕುವ ಬ್ಯಾಂಕಿನವರಾದ ನಮಗೆ, ನಲವತ್ತು ಮೈಲಿ ನೆಲ ಲೆಕ್ಕದಿಂದ ಮಾಯವಾದುದು ಎಂಥ ಪ್ರಸಂಗವೆಂದು ಹೇಳಬೇಕಾಗಿಲ್ಲ.

ಈ ಕೆಲಸಕ್ಕೆ ಒಂದು ಬೆಟ್ಟದ ಗುರುತು ಇನ್ನೊಂದು ಬೆಟ್ಟಕ್ಕೆ ಕಾಣಲೇಬೇಕು. ಬಾವುಟವಾದರೆ ಬಿಸಿಲಿನ ಮಬ್ಬಿನಲ್ಲಿ ಕರಗಿಹೋಗುವುದು. ಗಾಳಿ ತಿಳಿಯಾಗುವ ಮಳೆಗಾಲದಲ್ಲಿ ಕಾಡು ಹೊಕ್ಕರೆ ಜ್ವರ. ಅದರಿಂದ ಸತ್ತವರು ಅನೇಕರು. ಇದಕ್ಕೆ ಪರಿಹಾರ ಒದಗಿದ್ದು ಜರ್ಮನಿಯಿಂದ. ಗೌಸ್ ಎಂಬ ಗಣಿತಜ್ಞನು 1821ರಲ್ಲಿ ತನ್ನ ಸೀಮೆಯ ಮೋಜಣಿಗಾಗಿ ಹೀಲಿಯೋಟ್ರೋಪ್ ಎಂಬ ಉಪಕರಣವನ್ನು ರಚಿಸಿದ್ದನು. ಸೂರ್ಯನ ಬೆಳಕನ್ನು ಬೇಕಾದ ದಿಕ್ಕಿಗೆ ತಪ್ಪದೆ ಕಳುಹಿಸುವ ಕನ್ನಡಿ ಅದು. ಲ್ಯಾಂಬ್ಟನ್ನನ ತರುವಾಯ ಬಂದ ಜಾರ್ಜ್ ಎವರೆಸ್ಟನು 1830ರ ದಶಕದಲ್ಲಿ ಇಂಡಿಯಾದಲ್ಲಿ ಹಗಲಿಗೆ ಈ ಕನ್ನಡಿಯನ್ನೂ ಇರುಳಿಗೆ ದೀಪಗಳನ್ನೂ ಬಳಕೆಗೆ ತಂದನು. ಅದರಿಂದ ಬೇಸಗೆಯಲ್ಲೂ ಕೆಲಸ ಸಾಗಿತು. ದುರ್ಬೀನಿಗೆ ಕಣ್ಣಿಟ್ಟ ಎವರೆಸ್ಟನ ಹೆಸರು ಪರ್ವತಕ್ಕಾಯಿತು. ಆಚೆ ಬೆಟ್ಟದ ಮೇಲೆ ಚಳಿಯಲ್ಲಿ ದೀಪ ಕಾದವರ ಹೆಸರು ಯಾರಿಗೆ ನೆನಪಿದೆ?

ಇನ್ನು ಗೌಸನ ಕನಸನ್ನು ಕೇಳಿರಿ. ತನ್ನ ಕನ್ನಡಿಯ ಬೆಳಕು ಬಹು ದೂರ ಹೋಗುವುದನ್ನು ಕಂಡ ಅವನು 1822ರ ಮಾರ್ಚಿಯಲ್ಲಿ ಗೆಳೆಯ ಓಲ್ಬರ್ಸನಿಗೆ ಕಾಗದ ಬರೆದನು: ಹದಿನಾರು ಚದರಡಿಯ ನೂರು ಕನ್ನಡಿಗಳನ್ನು ಒಟ್ಟಿಗೆ ಹಿಡಿದರೆ ಚಂದ್ರನವರೆಗೂ ಬೆಳಕು ಕಳುಹಿಸಬಹುದು, ಅಲ್ಲಿನ ನೆರೆಯವರೊಡನೆ ಸಂಬಂಧ ಬೆಳೆದರೆ ಅಮೆರಿಕದ ಶೋಧಕ್ಕಿಂತಲೂ ದೊಡ್ಡ ಶೋಧವಾದೀತು ಎಂದು. 1869ರಲ್ಲಿ ಫ್ರಾನ್ಸಿನ ಕವಿ ಶಾರ್ಲ್ ಕ್ರೋ ಇದೇ ಬಗೆಯಲ್ಲಿ ಬೇರೆ ಗ್ರಹಗಳವರೊಡನೆ ಮಾತಾಡುವ ಉಪಾಯವನ್ನು ಪುಸ್ತಕವಾಗಿ ಬರೆದನು. ಇಬ್ಬರೂ ಕನ್ನಡಿಯ ಅಳತೆಯನ್ನು ಚೆನ್ನಾಗಿ ಯೋಚಿಸಿದರು. ಮೋಜಣಿಯ ಬೆಟ್ಟದಲ್ಲಾದರೋ ಆಚೆ ದಡದವನು ಮೊದಲೇ ಗೊತ್ತು ಮಾಡಿದವನು. ಯಾವ ಹೊತ್ತಿಗೆ ಎತ್ತ ನೋಡಬೇಕೆಂಬುದು ಅವನಿಗೆ ತಿಳಿದಿತ್ತು. ಚಂದ್ರನಲ್ಲಿ ಯಾರೂ ಇಲ್ಲವೆಂಬುದು ಹಾಗಿರಲಿ. ಇದ್ದಿದ್ದರೂ ಇತ್ತ ನೋಡಿರೆಂದು ಅವರಿಗೆ ಹೇಳಿದವರು ಯಾರು?

1960ರಲ್ಲಿ ಲೇಸರ್ ಬೆಳಕು ಹುಟ್ಟಿತು. ಮರುವರ್ಷವೇ ಶ್ವಾರ್ಟ್ಸ್ ಮತ್ತು ಟೌನ್ಸ್ ಎಂಬಿಬ್ಬರು ವಿಜ್ಞಾನಿಗಳು, ನಕ್ಷತ್ರಗಳಾಚೆಯವರು ಇಂಥ ಬೆಳಕಿನಿಂದ ನಮ್ಮನ್ನು ಕರೆಯಬಹುದೆಂದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಸೂರ್ಯನಂಥ ನಕ್ಷತ್ರದ ಪ್ರಭೆಯಲ್ಲಿ ಒಂದು ದೀಪ ಕಾಣುವುದೆಂತು ಎಂದು ಯಾರಾದರೂ ಕೇಳಿಯಾರು. ಲೇಸರಿನ ಬಲವನ್ನೆಲ್ಲ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಕಾಲಕ್ಕೆ ಅಡಕಿ ಒಂದೇ ದಿಕ್ಕಿಗೆ ಬಿಟ್ಟರೆ, ಆ ಕ್ಷಣಮಾತ್ರ ಅದು ತನ್ನ ನಕ್ಷತ್ರವನ್ನೇ ಮೀರಿಸಬಲ್ಲದು. ಅಂಥ ಮಿಂಚನ್ನು ಹುಡುಕಲೆಂದೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು 2006ರಲ್ಲಿ ಒಂದು ದೂರದರ್ಶಕವನ್ನು ಸ್ಥಾಪಿಸಿದರು. ಇದುವರೆಗೆ ಯಾವುದೂ ದೃಢಪಟ್ಟಿಲ್ಲ. ಸೂರ್ಯನಿಗೆ ತೀರ ಹತ್ತಿರದ ನಕ್ಷತ್ರಕ್ಕೆ ಬೆಳಕು ಮುಟ್ಟಲು ನಾಲ್ಕು ವರ್ಷಕ್ಕೂ ಮೇಲಾಗುತ್ತದೆ, ಉತ್ತರಕ್ಕೆ ಮತ್ತಷ್ಟು. ದೂರದ ನಕ್ಷತ್ರಗಳ ಮಾತಾದರೆ, ಕರೆದವನ ಮರಿಮಕ್ಕಳಿಗೂ ಉತ್ತರ ಸಿಕ್ಕೀತೆಂಬ ಭರವಸೆಯಿಲ್ಲ. ಹಾಗಿದ್ದೂ ಹುಡುಕುವವರ ಮೇಲೆ ನಮಗೆ ಗೌರವವೇ ಹೊರತು ನಗೆಯಿಲ್ಲ.

ಚಂದ್ರನಿಂದ ಮಾತ್ರ ಒಂದು ಉತ್ತರ ಬಂದಿದೆ. ಬೆಂಗಳೂರಿನಿಂದ ನಡೆಸಿದ ಚಂದ್ರಯಾನ-3ರ ವಿಕ್ರಮ್ ನೌಕೆಯು 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿಯಿತು. ಸೆಪ್ಟೆಂಬರಿನಲ್ಲಿ ಅಲ್ಲಿನ ಇರುಳು ಕವಿಯುವ ಮುನ್ನ ಅದನ್ನು ಮಲಗಿಸಿದರು. ಮತ್ತೆ ಹಗಲಾದಾಗ ಎಷ್ಟು ಕರೆದರೂ ಅದು ಏಳಲಿಲ್ಲ. ಅದರ ಬೆನ್ನ ಮೇಲೆ ಅಮೆರಿಕದ ನಾಸಾದವರು ಕೊಟ್ಟ, ಎರಡು ಅಂಗುಲ ಅಗಲದ, ಗುಮ್ಮಟದಂಥ ಚೌಕಟ್ಟಿನೊಳಗೆ ಎಂಟು ಸ್ಫಟಿಕಗಳುಳ್ಳ ಒಂದು ಪ್ರತಿಫಲಕವಿದೆ. ಅದಕ್ಕೆ ವಿದ್ಯುತ್ತೂ ಬೇಡ, ಅಪ್ಪಣೆಯೂ ಬೇಡ. ಡಿಸೆಂಬರ್ 12ರಂದು ನಾಸಾದ ಉಪಗ್ರಹವೊಂದು ನೂರು ಕಿಲೋಮೀಟರ್ ದೂರದಿಂದ ಅದರತ್ತ ಲೇಸರ್ ಬಿಟ್ಟಿತು. ಬೆಳಕು ಬಂದ ದಾರಿಯಲ್ಲೇ ಹಿಂದಿರುಗಿತು.