‘ಕೊಟ್ಟೊಳ್’ ಎಂಬ ಕ್ರಿಯಾಪದ: ಶಾಸನಗಳಲ್ಲಿ ಹೆಣ್ಣಿನ ಸ್ವತ್ತು

ದಾನಶಾಸನವೊಂದು ಕೈಗೆ ಸಿಕ್ಕಾಗ ನಮ್ಮ ಕಣ್ಣು ಮೊದಲು ಹುಡುಕುವುದು ರಾಜನ ಹೆಸರು, ಬಿರುದಾವಳಿ, ಶಕವರ್ಷ ಮತ್ತು ಸಂವತ್ಸರವನ್ನು. ಕಾಲ ಗೊತ್ತಾಯಿತು, ವಂಶ ಗೊತ್ತಾಯಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ ನಮಗೆ. ಆದರೆ ದಾನಶಾಸನದ ಜೀವ ಇರುವುದು ಅದರ ಕ್ರಿಯಾಪದದಲ್ಲಿ. ಕೊಟ್ಟಂ, ಕೊಟ್ಟರ್, ಬಿಟ್ಟರ್, ಮಾಡಿಸಿದಳ್ ಎಂಬ ಮಾತುಗಳಿಲ್ಲದಿದ್ದರೆ ಮೇಲಿನ ಪ್ರಶಸ್ತಿಯೆಲ್ಲ ಬರೀ ಹೊಗಳಿಕೆ. ಕೊಡಬೇಕಾದರೆ ಮೊದಲು ಕೈಯಲ್ಲಿ ಇರಬೇಕು. ಇದ್ದದ್ದು ತನ್ನದು ಅಂತ ನಾಲ್ಕು ಜನ ಒಪ್ಪಬೇಕು. ಹಾಗಾಗಿ ಹೆಣ್ಣಿನ ಹೆಸರಿನ ಮುಂದೆ ಈ ಕ್ರಿಯಾಪದ ಬಂದ ಕಡೆಯಲ್ಲೆಲ್ಲ ಒಂದು ಆಸ್ತಿ ಹಕ್ಕಿನ ದಾಖಲೆಯೂ ಅಡಗಿದೆ. ಈ ಬರಹದಲ್ಲಿ ಅಂಥ ಕೆಲವು ಶಾಸನಗಳನ್ನು ಮತ್ತೆ ಓದಲು ಹೊರಟಿದ್ದೇನೆ.

ಮೂರು ತಲೆಮಾರಿನ ಹೆಂಗಸರು

ಬಾದಾಮಿಗೆ ಹೋದವರು ಮಹಾಕೂಟಕ್ಕೂ ಹೋಗುತ್ತಾರೆ, ಹೊಂಡದಲ್ಲಿ ಮುಳುಗಿ ಬರುತ್ತಾರೆ. ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬದ ಮೇಲೆ ಒಂದು ಚಿಕ್ಕ ಹಳಗನ್ನಡ ಶಾಸನವಿದೆ. ಬಾದಾಮಿ ಚಾಲುಕ್ಯ ವಿಜಯಾದಿತ್ಯನ (696–733) ಕಾಲದ್ದು. ದಾನ ಕೊಟ್ಟವಳು ವಿನಾಪೋಟಿ. ಆಕೆ ರಾಜನ ಪ್ರಾಣವಲ್ಲಭೆ ಅಂತ ಶಾಸನ ಹೇಳುತ್ತದೆ. ಅದೇ ಉಸಿರಿನಲ್ಲಿ ‘ಸೂಳೆ’ ಅಂತಲೂ ಹೇಳುತ್ತದೆ. ಇಂದಿನ ಕಿವಿಗೆ ಇದು ಬೈಗುಳ. ಆ ಕಂಬದ ಮೇಲೆ ಬೈಗುಳವಲ್ಲ ಅನ್ನುವುದಕ್ಕೆ ವ್ಯಾಕರಣವೇ ಸಾಕ್ಷಿ: ಆಕೆಯ ಹೆಸರು ‘ವಿನಾಪೋಟಿಗಳ್’ ಎಂದು ಗೌರವದ ಬಹುವಚನದಲ್ಲಿದೆ.

ಇನ್ನೂ ಮುಖ್ಯವಾದದ್ದು ಆಕೆಯ ವಂಶಾವಳಿ. ಮುದುತಾಯಿ, ಅಂದರೆ ಅಜ್ಜಿ, ರೇವಮಂಚಳು. ಆಕೆಯ ಮಗಳು ಕುಚಿಪೋಟಿ. ಕುಚಿಪೋಟಿಯ ಮಗಳು ವಿನಾಪೋಟಿ. ಮೂರು ತಲೆಮಾರು ಹೇಳಿದರೂ ಅದರಲ್ಲಿ ತಂದೆಯ ಹೆಸರಿಲ್ಲ, ಗಂಡನ ಹೆಸರಿಲ್ಲ. ರಾಜರ ಶಾಸನಗಳಲ್ಲಿ ಅಜ್ಜ, ಅಪ್ಪ, ಮಗ ಅಂತ ಇಳಿದು ಬರುವ ವಂಶಾವಳಿಯ ರೂಪವೇ ಇಲ್ಲಿ ತಾಯಂದಿರ ಸಾಲಾಗಿ ನಿಂತಿದೆ.

ಇನ್ನು ಆಕೆ ಕೊಟ್ಟದ್ದು ಏನು? ಮೊದಲಿಗೆ ಹಿರಣ್ಯಗರ್ಭ ದಾನ. ಇದು ಅರಸರು ಮಾಡುವ ಮಹಾದಾನ. ಬಾದಾಮಿಯ ಬೆಟ್ಟದ ಮೇಲಿನ 543ರ ಶಾಸನ ಒಂದನೆಯ ಪುಲಕೇಶಿಯನ್ನು ಹಿರಣ್ಯಗರ್ಭದಿಂದ ಹುಟ್ಟಿದವನು ಎಂದು ಹೊಗಳುವುದು ಇದೇ ದಾನದ ಬಲದ ಮೇಲೆ. ಆಮೇಲೆ ದೇವರ ಪೀಠಕ್ಕೆ ಕೆಂಪು ರತ್ನ ಕಟ್ಟಿಸಿದಳು, ಬೆಳ್ಳಿಯ ಕೊಡೆ ಏರಿಸಿದಳು, ಮಂಗಳುಳ್ಳೆ ಎಂಬಲ್ಲಿ ಎಂಟುನೂರು ಅಳತೆಯ ಹೊಲ ಕೊಟ್ಟಳು. ವಾಕ್ಯ ಮುಗಿಯುವುದು ‘ಕೊಟ್ಟೊಳ್’ ಎಂಬ ಸ್ತ್ರೀಲಿಂಗದ ಕ್ರಿಯಾಪದದಿಂದ. ಅದಾದ ಮೇಲೆ ಎಂದಿನ ಶಾಪಾಶಯ: ಇದನ್ನು ಅಳಿದವನು ಪಂಚಮಹಾಪಾತಕನಾಗಲಿ. ಗಮನಿಸಿ, ಭೂಮಿ ಕೊಡಲು ರಾಜನ ಅಪ್ಪಣೆ ಪಡೆದಳು ಎಂಬ ಮಾತು ಇಲ್ಲಿ ಇಲ್ಲ. ಅರಸನೊಬ್ಬನ ದಾನಕ್ಕೆ ಇರುವ ರಕ್ಷಣೆಯ ಮಾತೇ ಈಕೆಯ ದಾನಕ್ಕೂ ಇದೆ.

ಆಕೆಯ ಸಂಪತ್ತಿನ ಮೂಲ ರಾಜನ ಒಲುಮೆಯೇ ಇರಬಹುದಲ್ಲ, ಅದನ್ನು ಸ್ವಾತಂತ್ರ್ಯ ಅಂತ ಹೇಗೆ ಕರೆಯುವುದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಸಾಮಂತನ ಸಂಪತ್ತಿನ ಮೂಲವೂ ರಾಜನ ಒಲುಮೆಯೇ ಅಲ್ಲವೇ? ಅವನ ದಾನವನ್ನು ಅವನದೇ ಎಂದು ಓದುವ ನಾವು ಈಕೆಯ ದಾನ ಬಂದಾಗ ಮಾತ್ರ ಮೂಲ ಕೆದಕುತ್ತೇವೆ.

ಅಕ್ಕ ಉಳಿದಳು, ತಂಗಿ ಹೋದಳು

ಲಕ್ಕುಂಡಿಯ ಬ್ರಹ್ಮ ಜಿನಾಲಯ ಅತ್ತಿಮಬ್ಬೆ ಕಟ್ಟಿಸಿದ್ದು, ಅಲ್ಲಿನ ಶಾಸನದ ಕಾಲ 1007. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ್ದು, ರನ್ನನಿಂದ ಅಜಿತಪುರಾಣ (993) ಬರೆಸಿದ್ದು, ‘ದಾನಚಿಂತಾಮಣಿ’ ಬಿರುದು ಪಡೆದದ್ದು ಎಲ್ಲರಿಗೂ ಗೊತ್ತು. ಶಾಲೆಯ ಪುಸ್ತಕದಲ್ಲೇ ಇದೆ. ಅದೇ ಮನೆಯ ಇನ್ನೊಂದು ಸಂಗತಿಯನ್ನು ಅಷ್ಟಾಗಿ ಹೇಳುವುದಿಲ್ಲ. ಅತ್ತಿಮಬ್ಬೆ ಮತ್ತು ತಂಗಿ ಗುಂಡಮಬ್ಬೆ ಇಬ್ಬರೂ ತೈಲಪನ ಸೇನಾನಿ ನಾಗದೇವನ ಹೆಂಡಿರು. ಯುದ್ಧದಲ್ಲಿ ನಾಗದೇವ ಸತ್ತಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು, ವ್ರತ ಹಿಡಿದಳು, ಹಣವನ್ನು ಕೆಲಸಕ್ಕೆ ಹಚ್ಚಿದಳು.

ಸಾವಿರ ಪ್ರತಿ ಅಂದರೆ ಎಷ್ಟು ಓಲೆ, ಎಷ್ಟು ಕಂಠ, ಎಷ್ಟು ಲಿಪಿಕಾರರು, ಅವರ ಊಟ, ಕೂಲಿ ಎಷ್ಟು ಅಂತ ಒಮ್ಮೆ ಯೋಚಿಸಿ. ಗುಡಿ ಅಂದರೆ ಕಲ್ಲು, ಗಾಡಿ, ಓಜರು, ವರ್ಷಗಟ್ಟಲೆ ಲೆಕ್ಕ. ವಿಧವೆಯೊಬ್ಬಳು ಈ ಲೆಕ್ಕವನ್ನೆಲ್ಲ ಕೈಯಲ್ಲಿ ಹಿಡಿದಿದ್ದಳು. ದುಃಖ ಇರಲಿಲ್ಲ ಅಂತಲ್ಲ. ಗಂಡನೂ ತಂಗಿಯೂ ಒಟ್ಟಿಗೆ ಹೋದ ಮನೆ ಅದು. ಆದರೂ ಮರುದಿನ ಎದ್ದು ಮಾಡಬೇಕಾದ ಕೆಲಸವಿತ್ತು, ಅದನ್ನು ಮಾಡಲು ಹಣವಿತ್ತು, ಮಾಡಬಾರದು ಎನ್ನುವವರು ಇರಲಿಲ್ಲ.

ಇದರ ಪಕ್ಕದಲ್ಲಿ ಬೆಳತೂರಿನ ಶಾಸನ ಇಟ್ಟು ನೋಡಬೇಕು. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರು, ಕಾಲ 1057, ಚೋಳ ರಾಜೇಂದ್ರನ ಆಳ್ವಿಕೆ. ದೇಕಬ್ಬೆ ನುಗುನಾಡಿನ ರವಿಗನ ಮಗಳು, ಏಚನ ಹೆಂಡತಿ. ಏಚ ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದ. ತಲಕಾಡಿನಲ್ಲಿ ಅರಸನ ಆಜ್ಞೆಯಿಂದ ಅವನಿಗೆ ಮರಣದಂಡನೆಯಾಯಿತು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿ ಹೊಕ್ಕಳು. ಹೆತ್ತವರು ಬೇಡ ಬೇಡ ಅಂದರು, ಕೇಳಲಿಲ್ಲ. ಹೋಗುವ ಮುಂಚೆ ದಾನ ಮಾಡಿದಳು. ಕಲ್ಲು ನಿಲ್ಲಿಸಿದವನು ತಂದೆ.

ಇಲ್ಲೂ ಹೆಣ್ಣು ‘ಕೊಟ್ಟಳು’. ಅನುಕೂಲಸ್ಥರ ಮನೆ, ಪ್ರೀತಿಯ ತವರು, ಕೊಡಲು ಕೈಯಲ್ಲಿ ಸ್ವತ್ತು, ಎಲ್ಲ ಇತ್ತು. ಆದರೂ ಆ ದಾನ ಬದುಕಿನ ಮೊದಲ ಹೆಜ್ಜೆಯಾಗಲಿಲ್ಲ, ಕೊನೆಯದಾಯಿತು. ಶಾಸನ ಆಕೆಯ ನಿಶ್ಚಯವನ್ನು ಹೊಗಳುತ್ತದೆ. ತಡೆದ ತಾಯಿತಂದೆಯರನ್ನೂ ಮರೆಯದೆ ಹೇಳುತ್ತದೆ. ನನಗೆ ಆ ಕಾವ್ಯದ ಸೊಗಸಿಗಿಂತ ಆ ತಡೆಯುವಿಕೆ ದೊಡ್ಡದಾಗಿ ಕಾಣುತ್ತದೆ. ಸ್ವತ್ತು ಇದ್ದ ಮಾತ್ರಕ್ಕೆ ಮನಸ್ಸು ಉಳಿಯುವುದಿಲ್ಲ; ಗಂಡ ಹೋದ ಮೇಲೂ ನೀನು ಯಾರೋ ಒಬ್ಬಳು, ನಿನಗೊಂದು ಜಾಗವಿದೆ ಅಂತ ಸುತ್ತಲಿನ ಲೋಕವೂ ಹೇಳಬೇಕು.

ಜವಾಬ್ದಾರಿಯ ಜಾಗ

ಹಾಗೆ ಹೇಳಿದ ಉದಾಹರಣೆ ಶಿಕಾರಿಪುರ ಸೀಮೆಯ ಬಂದಳಿಕೆಯಲ್ಲಿದೆ. 10ನೆಯ ಶತಮಾನದ ಆರಂಭದ ದಶಕಗಳು, ರಾಷ್ಟ್ರಕೂಟರ ಆಳ್ವಿಕೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಪದವಿ ಸಿಕ್ಕಿದ್ದು ಹೆಂಡತಿ ಜಕ್ಕಿಯಬ್ಬೆಗೆ. ಎಪ್ಪತ್ತು ಹಳ್ಳಿಗಳ ಆಡಳಿತವನ್ನು ಆಕೆ ಸಮರ್ಥವಾಗಿ ನಡೆಸಿದಳು. ಕೊನೆಗೆ ರೋಗ ಬಂದಾಗ ಮಗಳನ್ನು ಕರೆಸಿ ಭಾರ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಮಗಳಿಗೆ ಎಂಬ ಈ ಇಳಿಕೆಯ ಕ್ರಮ ಶಾಸನಕ್ಕೆ ಸಮಜಾಯಿಷಿ ಬೇಕಾದ ವಿಷಯವಾಗಿ ಕಂಡಿಲ್ಲ.

ಕಲ್ಯಾಣ ಚಾಲುಕ್ಯರ ಅಕ್ಕಾದೇವಿಯ ಮಾತು ಇನ್ನೂ ದೊಡ್ಡದು. ಇಮ್ಮಡಿ ಜಯಸಿಂಹನ ಅಕ್ಕ, ಕಿಸುಕಾಡು ಎಪ್ಪತ್ತನ್ನು ಆಳಿದವಳು, ‘ಗುಣದಬೆಡಂಗಿ’, ‘ರಣಭೈರವಿ’ ಎಂಬ ಬಿರುದು ಹೊತ್ತವಳು. 1047ರ ಅರಸೀಬೀದಿಯ ಶಾಸನದ ಹೊತ್ತಿಗೆ ಗೋಕಾಗೆಯ (ಈಗಿನ ಗೋಕಾಕ) ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಳು. ಸೂಡಿಯ ಶಾಸನವೊಂದರ ಪ್ರಕಾರ, ಚೋಳರ ದಾಳಿಯಲ್ಲಿ ಕೆಟ್ಟುಹೋಗಿದ್ದ ಊರಿನ ಎಂಟು ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಕಟ್ಟುಪಾಡನ್ನು ಮತ್ತೆ ಊರ್ಜಿತಗೊಳಿಸಿದ್ದು ಆಕೆಯ ಆಡಳಿತವೇ. ಕತ್ತಿಗಿಂತ ಈ ಕಾಗದಪತ್ರದ ಕೆಲಸವೇ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ.

ಹಾಗಂತ ಸುವರ್ಣಯುಗದ ಹಾಡು ಹಾಡಬೇಕಿಲ್ಲ. ಇವರೆಲ್ಲ ಅರಮನೆ, ದಂಡನಾಯಕರ ಮನೆ, ಗಾವುಂಡರ ಮನೆಯವರು. ಕಳೆ ಕಿತ್ತವಳ ಹೆಸರು ಕಲ್ಲಿನ ಮೇಲೆ ಇಲ್ಲ. ಉಳ್ಳವರಲ್ಲೂ ಮಿತಿಯಿತ್ತು. ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಆಚಿಯಕ್ಕ. ಗಂಡ ಚಂದ್ರಮೌಳಿ ವೀರಬಲ್ಲಾಳನ ಮಂತ್ರಿ, ಶೈವ. ಹೆಂಡತಿ ಜೈನಳು. ತನ್ನ ಧರ್ಮಕ್ಕೆ ತಾನು ಗುಡಿ ಕಟ್ಟಿಸುವಷ್ಟು ಸ್ವಾತಂತ್ರ್ಯ ಆಕೆಗಿತ್ತು. ಆದರೆ ಆ ಬಸದಿಗೆ ಹಳ್ಳಿಯ ಉತ್ಪತ್ತಿ ಬೇಕಾದಾಗ ಅರಸನ ಬಳಿ ಕೇಳಿದವನು ಗಂಡ. ಗುಡಿ ಆಕೆಯದು, ಬಿನ್ನಹ ಅವನದು.

ಕಲ್ಯಾಣದಿಂದ ಪಹಣಿಯವರೆಗೆ

ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ. ಸ್ತ್ರೀಧನ ಯಾವುದು ಅಂತ ಸ್ಮೃತಿ ಹೇಳುವಾಗ ಕೊನೆಗೆ ‘ಆದ್ಯ’, ಅಂದರೆ ‘ಮುಂತಾದದ್ದು’ ಎಂಬ ಪದವಿದೆ. ವಿಜ್ಞಾನೇಶ್ವರ ಆ ಒಂದು ಪದವನ್ನು ಹಿಡಿದು ಬಾಗಿಲು ತೆರೆದ. ಪಿತ್ರಾರ್ಜಿತ, ಕ್ರಯ, ವಿಭಾಗ, ಪರಿಗ್ರಹ, ಸಿಕ್ಕಿದ್ದು ಹೀಗೆ ಹೇಗೆ ಬಂದರೂ ಹೆಣ್ಣಿನ ಕೈಸೇರಿದ ಸ್ವತ್ತು ಸ್ತ್ರೀಧನವೇ ಅಂದ. ಗಂಡುಮಕ್ಕಳಿಲ್ಲದೆ ಸತ್ತವನ ಪ್ರತ್ಯೇಕ ಆಸ್ತಿಗೆ ಹೆಂಡತಿಯೇ ಮೊದಲ ವಾರಸುದಾರಳು ಅಂದ. ಸುತ್ತ ಹೆಂಗಸರು ಗುಡಿ ಕಟ್ಟಿಸುತ್ತ, ನಾಡು ಆಳುತ್ತ, ಭೂಮಿ ಬಿಡುತ್ತ ಇದ್ದ ಸೀಮೆಯಲ್ಲಿ ಕೂತು ಬರೆದವನಿಗೆ ಈ ಅರ್ಥ ಹೊಳೆದದ್ದು ಆಕಸ್ಮಿಕವಲ್ಲ ಅಂತ ನನ್ನ ಊಹೆ.

ಇದಕ್ಕೆ ಎದುರಾದ ಮಾತೂ ಸ್ಮೃತಿಗಳಲ್ಲಿದೆ. ಹೆಣ್ಣು ಕೈಕೆಲಸದಿಂದ ಗಳಿಸಿದ್ದರ ಮೇಲೆ ಗಂಡನಿಗೆ ಒಡೆತನ ಅಂತ ಕಾತ್ಯಾಯನ ಹೇಳುತ್ತಾನೆ. ಈ ಮಾತು ನೆನೆದಾಗ ಮಹಾಕೂಟದ ಕಂಬ ಬೇರೆಯಾಗಿ ಕಾಣುತ್ತದೆ. ವಿನಾಪೋಟಿಯ ವಂಶಾವಳಿಯಲ್ಲಿ ಗಂಡನಿಲ್ಲ. ಆಕೆಯ ಗಳಿಕೆಗೆ ಒಡೆಯನಾಗಿ ಬರುವವನೂ ಇಲ್ಲ.

ಮುಂದಿನ ಕಥೆ ಕಲ್ಲಿನ ಮೇಲಲ್ಲ, ತೀರ್ಪುಗಳಲ್ಲಿದೆ. ಬ್ರಿಟಿಷರ ಕಾಲದಲ್ಲಿ, 1867ರಲ್ಲಿ, ವಿಧವೆಗೆ ಗಂಡನಿಂದ ಬಂದ ಆಸ್ತಿ ಸ್ತ್ರೀಧನವಲ್ಲ ಎಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಆಕೆ ಬದುಕಿರುವವರೆಗೆ ಅನುಭವಿಸಬಹುದು, ತನ್ನಿಷ್ಟದಂತೆ ಮಾರುವಂತಿಲ್ಲ, ದಾನ ಮಾಡುವಂತಿಲ್ಲ. ಅಂದರೆ ಸ್ವತ್ತು ಉಳಿಯಿತು, ‘ಕೊಟ್ಟೊಳ್’ ಹೋಯಿತು. ವಿಜ್ಞಾನೇಶ್ವರ ತೆರೆದ ಬಾಗಿಲನ್ನು ಮತ್ತೆ ತೆರೆಯಲು ಬಹುಕಾಲ ಹಿಡಿಯಿತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತು. 1956ರ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮು ಹೆಣ್ಣನ್ನು ತನ್ನ ಸ್ವತ್ತಿನ ಪೂರ್ಣ ಒಡತಿ ಎಂದಿತು. ಅದರ ವಿವರಣೆಯಲ್ಲಿ ಆನುವಂಶಿಕ, ವಿಭಾಗ, ದಾನ, ಕ್ರಯದ ಜೊತೆಗೆ ಆಕೆಯ ಸ್ವಂತ ದುಡಿಮೆ, ಕೌಶಲವೂ ಸೇರಿದೆ. ಅಲ್ಲಿಗೆ ಕಾತ್ಯಾಯನನ ಮಾತಿಗೂ ಉತ್ತರ ಸಿಕ್ಕಿತು. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಪಾಲು ಕೊಟ್ಟವು.

ಕಾನೂನು ಅಲ್ಲಿಗೆ ಬಂತು. ಮನೆ ಬಂದಿದೆಯೇ? ಅಪ್ಪ ತೀರಿಕೊಂಡ ತಿಂಗಳಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಕೇಳುವುದು ನಮ್ಮ ಊರುಗಳಲ್ಲಿ ಯಾರೂ ಕಾಣದ ಸಂಗತಿಯಲ್ಲ. “ತವರು ಬೇಕಾದರೆ ಸಹಿ ಹಾಕವ್ವ” ಅನ್ನುವ ಮಾತಿನಲ್ಲಿ ಬೆದರಿಕೆಯೂ ಇದೆ, ಅಕ್ಕರೆಯೂ ಇದೆ. ಅದಕ್ಕೇ ಅದನ್ನು ಮೀರುವುದು ಕಷ್ಟ. ಪಾಲು ಕೇಳಿದರೆ ಹಬ್ಬಕ್ಕೆ ಕರೆಯುವವರಿಲ್ಲ, ಕೇಳದಿದ್ದರೆ ಗಂಡನ ಮನೆಯಲ್ಲಿ ಕಷ್ಟ ಬಂದಾಗ ಕಾಲೂರಲು ನೆಲವಿಲ್ಲ. ಮನಸ್ಸಿನ ನೆಮ್ಮದಿ ಬೇರೆ, ಆಸ್ತಿ ಬೇರೆ ಅಂತ ಹೇಳುವವರು ಈ ಸಹಿಯ ಹೊತ್ತಿನಲ್ಲಿ ಒಂದು ಹೆಣ್ಣಿನ ಮುಖ ನೋಡಬೇಕು.

ಈ ಹೊತ್ತಿನಲ್ಲಿ ಯಾವಾಗಲೂ ಒಂದು ಮಾತು ಬರುತ್ತದೆ: “ಹೆಣ್ಣುಮಕ್ಕಳು ಭೂಮಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ.” ಪದ್ಧತಿ ಅಂತ ಹೇಳಿದ ಮೇಲೆ ಶಾಸನ ಓದುವವರಾದ ನಮಗೂ ಮಾತಾಡುವ ಬಾಧ್ಯತೆ ಬರುತ್ತದೆ. ಹದಿಮೂರು ಶತಮಾನದ ಹಿಂದೆ ಮಹಾಕೂಟದಲ್ಲಿ ಹೆಣ್ಣೊಬ್ಬಳು ತನ್ನ ಹೊಲ ತಾನು ಕೊಟ್ಟಿದ್ದಾಳೆ. ಸಾವಿರ ವರ್ಷದ ಹಿಂದೆ ನಾಗರಖಂಡದಲ್ಲಿ ತಾಯಿ ಮಗಳಿಗೆ ಭಾರ ಒಪ್ಪಿಸಿದ್ದಾಳೆ. ಇವು ಎಲ್ಲರ ಬದುಕಲ್ಲ, ನಿಜ. ಆದರೆ ‘ನಮ್ಮಲ್ಲಿಲ್ಲ’ ಎಂಬ ಮಾತು ಸುಳ್ಳು ಅನ್ನಲು ಒಂದು ಕಲ್ಲು ಸಾಕು.

ಹಾಗಾಗಿ ಶಾಸನದ ಕೆಲಸ ಮಾಡುವ ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಶಾಸನದಲ್ಲಿ ಹೆಣ್ಣಿನ ಹೆಸರು ಸಿಕ್ಕರೆ ‘ಇಂಥವನ ಹೆಂಡತಿ’ ಅಂತ ಬರೆದು ಮುಂದೆ ಹೋಗಬೇಡಿ. ಆಕೆಯ ಕ್ರಿಯಾಪದ ಯಾವುದು, ಕೊಟ್ಟದ್ದು ಯಾವ ಸ್ವತ್ತು, ಯಾರ ಅಪ್ಪಣೆ ಪಡೆದಳು ಅಥವಾ ಪಡೆಯಲಿಲ್ಲ, ಆಕೆಯ ತಾಯಿಯ ಹೆಸರು ಇದೆಯೇ ಎಂಬ ನಾಲ್ಕು ಸಂಗತಿಯನ್ನು ಟಿಪ್ಪಣಿ ಮಾಡಿಕೊಳ್ಳಿ. ಆ ಊರಿನ ಶಾಲೆಯಲ್ಲೋ ಗ್ರಾಮಸಭೆಯಲ್ಲೋ ಶಾಸನ ಓದಿ ಹೇಳುವ ಅವಕಾಶ ಬಂದರೆ ರಾಜನ ಬಿರುದು ಎರಡು ಕಡಿಮೆಯಾದರೂ ಚಿಂತೆಯಿಲ್ಲ, ಆ ಸಾಲನ್ನು ಬಿಡದೆ ಓದಿ. ಕೇಳುತ್ತ ಕೂತವರಲ್ಲಿ ಸಹಿ ಹಾಕಲೋ ಬೇಡವೋ ಅಂತ ಯೋಚಿಸುತ್ತಿರುವ ಹೆಣ್ಣುಮಗಳೊಬ್ಬಳು ಇರಬಹುದು.