ಎಸಿ ತಂಪು ಕೊಡ್ತಿಲ್ವಾ? ಗ್ಯಾಸ್ ತುಂಬಿಸೋ ಮೊದಲು ತೊಳೆಸಿ: ಮನೆಯವರಿಗೂ, ಅಂಗಡಿಯವರಿಗೂ ಪೂರ್ತಿ ಮಾಹಿತಿ

ರಾಯಚೂರು: ಮಾರ್ಚ್ ಬಂತೆಂದರೆ ಜಿಲ್ಲೆಯಲ್ಲಿ ಎಸಿ ಮೆಕ್ಯಾನಿಕ್‌ಗಳ ಫೋನ್‌ಗೆ ಬಿಡುವೇ ಇರಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಅದೇ ಹೊತ್ತಿಗೆ ಎಸಿ ಕೈಕೊಡುತ್ತೆ. ಬಂದವರಲ್ಲಿ ಕೆಲವರು ಐದು ನಿಮಿಷ ನೋಡಿ ಹೇಳೋದು ಒಂದೇ ಮಾತು: "ಗ್ಯಾಸ್ ಖಾಲಿ ಆಗ್ಯಾದ್ರಿ, ತುಂಬಿಸ್ಬೇಕಾಗ್ತದ." ಸೆಕೆಗೆ ಬೇಸತ್ತ ಮನೆಯವರು ಹೂಂ ಅಂತಾರೆ, ದುಡ್ಡು ಕೊಡ್ತಾರೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಮಾತು.

ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಎಸಿ ಗ್ಯಾಸ್ ಬೈಕಿನ ಪೆಟ್ರೋಲ್ ಇದ್ದಂಗಲ್ಲ, ಓಡಿದಷ್ಟೂ ಖಾಲಿ ಆಗಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಆದರೆ ಎಷ್ಟೋ ಸಲ ತಂಪು ಕಡಿಮೆ ಆಗೋದು ಗ್ಯಾಸ್‌ನಿಂದ ಅಲ್ಲ, ಧೂಳಿನಿಂದ.

ಧೂಳು ಎಲ್ಲಿ ಕೂರುತ್ತೆ?

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನ ಒಳಗೆ ತರಲ್ಲ. ರೂಮಿನ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ರೂಮಿಗೇ ಬಿಡುತ್ತೆ. ಆ ಗಾಳಿ ಹಾದು ಹೋಗುವ ದಾರಿಯಲ್ಲಿ ನಾಲ್ಕು ಕಡೆ ಕೊಳೆ ನಿಲ್ಲುತ್ತೆ.

- ಫಿಲ್ಟರ್: ಮುಂದಿನ ಮುಚ್ಚಳ ಎತ್ತಿದರೆ ಕಾಣುವ ಜಾಲರಿ. ದಪ್ಪ ಧೂಳು, ಕೂದಲು, ದಾರದ ಎಳೆ ಇಲ್ಲೇ ಸಿಕ್ಕಿಕೊಳ್ಳುತ್ತೆ.
- ಕೂಲಿಂಗ್ ಕಾಯಿಲ್: ಫಿಲ್ಟರ್ ಹಿಂದಿನ ತೆಳು ತಗಡಿನ ಸಾಲು. ಇದು ಸದಾ ಒದ್ದೆ ಇರುತ್ತೆ, ಫಿಲ್ಟರ್ ತಪ್ಪಿಸಿಕೊಂಡ ಸಣ್ಣ ಧೂಳು ಇಲ್ಲಿ ಕೆಸರಿನಂತೆ ಅಂಟುತ್ತೆ.
- ಬ್ಲೋವರ್: ಗಾಳಿ ತಳ್ಳುವ ಉದ್ದನೆಯ ಉರುಳೆ ಫ್ಯಾನ್. ಇದರ ಎಸಳುಗಳಿಗೆ ಕಪ್ಪು ಪದರ ಕಟ್ಟಿದರೆ ಫ್ಯಾನ್ ಎಷ್ಟು ಜೋರು ತಿರುಗಿದರೂ ಗಾಳಿ ಬರಲ್ಲ.
- ನೀರಿನ ಟ್ರೇ ಮತ್ತು ಡ್ರೈನ್ ಪೈಪ್: ಇಲ್ಲಿ ಲೋಳೆ ಕಟ್ಟಿದರೆ ನೀರು ಹೊರಗೆ ಹೋಗದೆ ಗೋಡೆ ಮೇಲೆ ಇಳಿಯುತ್ತೆ. ಎಸಿ ಹಾಕಿದ ತಕ್ಷಣ ಬರುವ ಹುಳಿ ವಾಸನೆಗೂ ಸಾಮಾನ್ಯವಾಗಿ ಇಲ್ಲಿನ ಮತ್ತು ಕಾಯಿಲ್ ಮೇಲಿನ ಬೂಷ್ಟೇ ಕಾರಣ.

ಇದಲ್ಲದೆ ಹೊರಗಿನ ಯೂನಿಟ್ ಒಂದಿದೆ. ಅದರ ಹಿಂಬದಿಯ ಕಾಯಿಲ್‌ಗೆ ಧೂಳು ಮುಚ್ಚಿಕೊಂಡರೆ ಒಳಗಿನ ಶಾಖ ಹೊರಗೆ ಹೋಗಲ್ಲ. ಕಂಪ್ರೆಸರ್ ಹೆಚ್ಚು ಹೊತ್ತು, ಹೆಚ್ಚು ಬಿಸಿಯಾಗಿ ಓಡುತ್ತೆ. ರೂಮಿಗೆ ತಂಪು ಕಮ್ಮಿ, ಜೆಸ್ಕಾಂ ಬಿಲ್ ಜಾಸ್ತಿ.

ನಮ್ಮ ಜಿಲ್ಲೆಯಲ್ಲಿ ಧೂಳಿಗೆ ಬರ ಇಲ್ಲ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ ಅಕ್ಕಪಕ್ಕ ಹತ್ತಿ ಎಳೆ ಹಾರುತ್ತೆ. ಸಿಂಧನೂರು, ಮಾನ್ವಿ ಕಡೆ ಅಕ್ಕಿ ಗಿರಣಿಯ ತೌಡು, ಹೊಟ್ಟಿನ ಪುಡಿ. ಶಕ್ತಿನಗರದ ಕಡೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ. ಇಂಥ ಕಡೆ ಇರುವವರಿಗೆ "ವರ್ಷಕ್ಕೊಂದು ಸರ್ವಿಸ್ ಸಾಕು" ಅನ್ನೋ ಲೆಕ್ಕ ನಡೆಯಲ್ಲ.

ಧೂಳೋ, ಗ್ಯಾಸೋ: ಗುರುತಿಸೋದು ಹೇಗೆ?

ಕೈ ಅಡ್ಡ ಹಿಡಿದು ನೋಡಿ. ಗಾಳಿಯೇ ಕಮ್ಮಿ ಬರ್ತಿದೆ, ವಾಸನೆ ಇದೆ, ಒಳಗಿನ ಯೂನಿಟ್‌ನಿಂದ ನೀರು ತೊಟ್ಟಿಕ್ಕುತ್ತಿದೆ ಅಂದ್ರೆ ಮೊದಲ ಅನುಮಾನ ಕೊಳೆಯ ಮೇಲೆ ಇರಲಿ.

ಗಾಳಿ ಜೋರಾಗೇ ಬರ್ತಿದೆ, ಫಿಲ್ಟರ್, ಕಾಯಿಲ್ ಸ್ವಚ್ಛ ಇದೆ, ಆದರೂ ತಂಪಿಲ್ಲ ಅಂದ್ರೆ ಗ್ಯಾಸ್ ಲೀಕ್ ಇರಬಹುದು. ಹೊರಗಿನ ಯೂನಿಟ್ ಹತ್ತಿರ ಸಣ್ಣ ಪೈಪಿಗೆ ಮಂಜು ಕಟ್ಟೋದು, ಜಾಯಿಂಟ್ ಹತ್ತಿರ ಎಣ್ಣೆ ಜಿಡ್ಡು ಕಾಣೋದು ಇದರ ಲಕ್ಷಣ.

ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿದರೆ ಎರಡೂ ಕಾರಣ ಇರಬಹುದು. ಅದಕ್ಕೇ ಮೊದಲು ತೊಳೆಸಬೇಕು, ಆಮೇಲೆ ಗ್ಯಾಸ್ ನೋಡಿಸಬೇಕು. ಈ ಕ್ರಮ ತಪ್ಪಿದರೆ ದುಡ್ಡು ಸುಮ್ಮನೆ ಹೋಗುತ್ತೆ.

ಮನೆಯವರೇ ಮಾಡಬಹುದಾದ ಕೆಲಸ

ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ಫಿಲ್ಟರ್ ತೆಗೆದು ತೊಳೀಬೇಕು. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ಜಾಲರಿಯನ್ನ ನಲ್ಲಿ ನೀರಿನಲ್ಲಿ ಹಿಂಬದಿಯಿಂದ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಬಿಸಿನೀರು, ಬಿಸಿಲು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ.

ಹೊರಗಿನ ಯೂನಿಟ್ ಮುಂದೆ, ಹಿಂದೆ ರಟ್ಟಿನ ಡಬ್ಬ, ಹಳೇ ಸಾಮಾನು ಇಡಬೇಡಿ. ಅದರ ಮುಚ್ಚಳ ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ತೆಗೆದ ಮೇಲೂ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತೆ.

ಇನ್ನೊಂದು ಸುಲಭದ ಕೆಲಸ: 24 ಡಿಗ್ರಿಗೆ ಇಡೋದು. ಸ್ಟಾರ್ ಲೇಬಲ್ ಇರುವ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಅನ್ನೋ ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತೆ ಅನ್ನೋದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಲೆಕ್ಕ.

ಮೆಕ್ಯಾನಿಕ್ ಮಾಡಬೇಕಾದ ಕೆಲಸ

ಬರೀ ಫಿಲ್ಟರ್ ತೊಳೆದು, ಮೇಲೆ ಬಟ್ಟೆ ಆಡಿಸಿ "ಸರ್ವಿಸ್ ಆಯ್ತು" ಅಂದ್ರೆ ಅದು ಸರ್ವಿಸ್ ಅಲ್ಲ. ಸರಿಯಾದ ಸರ್ವಿಸ್ ಹೀಗಿರುತ್ತೆ:

1. ಮೊದಲು ಎಸಿ ಓಡಿಸಿ, ಬರುವ ಗಾಳಿ ಮತ್ತು ತಂಪು ನೋಡಬೇಕು. ಆಮೇಲೆ ಎಂಸಿಬಿ ಆಫ್.
2. ಒಳಗಿನ ಯೂನಿಟ್ ಸುತ್ತ ಪ್ಲಾಸ್ಟಿಕ್ ಚೀಲ ಕಟ್ಟಬೇಕು. ಸರ್ಕ್ಯೂಟ್ ಬೋರ್ಡ್‌ಗೆ ನೀರು ತಾಗದಂತೆ ಮುಚ್ಚಬೇಕು. ಇಲ್ಲಾಂದ್ರೆ ಬೋರ್ಡ್ ಸುಟ್ಟು ಹೊಸ ಖರ್ಚು ಬರುತ್ತೆ.
3. ಜೆಟ್ ಪಂಪ್‌ನಿಂದ ಕಾಯಿಲ್, ಬ್ಲೋವರ್ ಎರಡನ್ನೂ ತೊಳೀಬೇಕು. ನೀರಿನ ಒತ್ತಡ ಮಿತಿಯಲ್ಲಿರಬೇಕು, ಕಾಯಿಲ್‌ನ ತೆಳು ತಗಡು ಮಡಚಬಾರದು.
4. ಆ್ಯಸಿಡ್ ಬಳಸೋಕೆ ಬಿಡಬೇಡಿ. ಆ ಹೊತ್ತಿಗೆ ಫಳಫಳ ಅನ್ನುತ್ತೆ, ಆದರೆ ಅಲ್ಯೂಮಿನಿಯಂ ತಗಡನ್ನ ತಿನ್ನುತ್ತೆ. ಮುಂದೆ ಲೀಕ್‌ಗೆ ಅದೇ ದಾರಿ.
5. ಟ್ರೇ, ಡ್ರೈನ್ ಪೈಪ್ ತೊಳೆದು, ಒಂದು ಮಗ್ ನೀರು ಸುರಿದು ಸರಾಗ ಹೋಗುತ್ತಾ ನೋಡಬೇಕು.
6. ಹೊರಗಿನ ಯೂನಿಟ್ ತೊಳೆದು, ವೈರ್ ಜಾಯಿಂಟ್ ಸಡಿಲ ಇದೆಯಾ, ಸುಟ್ಟ ಗುರುತು ಇದೆಯಾ ನೋಡಬೇಕು.
7. ಒಣಗಿದ ಮೇಲೆ ಮತ್ತೆ ಓಡಿಸಿ ತೋರಿಸಬೇಕು.

ಚೀಲದಿಂದ ಬಕೆಟ್‌ಗೆ ಇಳಿಯುವ ನೀರು ಮೊದಲು ಕಪ್ಪಗೆ, ಕೊನೆಗೆ ತಿಳಿಯಾಗಿ ಬರಬೇಕು. ಕೆಲಸ ಆಗಿದೆಯೋ ಇಲ್ಲವೋ ಅನ್ನೋದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಆಸ್ತಮಾ, ಧೂಳಿನ ಅಲರ್ಜಿ ಇರುವವರು, ಸಣ್ಣ ಮಕ್ಕಳು ಆ ಹೊತ್ತು ಬೇರೆ ರೂಮಿನಲ್ಲಿರಲಿ. ಮೆಕ್ಯಾನಿಕ್ ಕೂಡ ಮಾಸ್ಕ್ ಹಾಕಿಕೊಳ್ಳಲಿ. ಎರಡನೇ, ಮೂರನೇ ಮಹಡಿಯ ಸಜ್ಜಾ ಮೇಲೆ ಯೂನಿಟ್ ಇದ್ದರೆ ಬೆಲ್ಟ್ ಇಲ್ಲದೆ ಹುಡುಗರನ್ನ ಹತ್ತಿಸಬೇಡಿ. ನೂರು ಇನ್ನೂರು ಉಳಿಸೋಕೆ ಹೋಗಿ ಒಂದು ಜೀವದ ಜತೆ ಆಟ ಆಡಿದಂಗೆ ಆಗುತ್ತೆ.

ಗ್ಯಾಸ್ ತುಂಬಿಸಲೇಬೇಕಾದರೆ

ತೊಳೆದ ಮೇಲೂ ತಂಪಿಲ್ಲ, ಲೀಕ್ ಖಚಿತ ಅಂದ್ರೆ ಗ್ಯಾಸ್ ತುಂಬಿಸಬೇಕು. ಆಗ ನಾಲ್ಕು ವಿಷಯ ಕೇಳಿ.

ಒಂದು, ಲೀಕ್ ಎಲ್ಲಿದೆ ಅಂತ ತೋರಿಸಲಿ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಕಾಣುತ್ತೆ. ಲೀಕ್ ಮುಚ್ಚದೆ ಗ್ಯಾಸ್ ತುಂಬೋದು ತೂತು ಕೊಡಕ್ಕೆ ನೀರು ಹಾಕಿದಂಗೆ. ಲೀಕ್ ಹುಡುಕಲು ಪೈಪಿಗೆ ಒತ್ತಡ ಕೊಡಬೇಕಾದರೆ ನೈಟ್ರೋಜನ್ ಮಾತ್ರ ಬಳಸಬೇಕು. ಆಕ್ಸಿಜನ್ ಸಿಲಿಂಡರ್ ಬಳಸಿದರೆ ಕಂಪ್ರೆಸರ್ ಎಣ್ಣೆ ಜತೆ ಸೇರಿ ಸಿಡಿಯುತ್ತೆ.

ಎರಡು, ವ್ಯಾಕ್ಯೂಮ್ ಪಂಪ್ ತಂದಿದ್ದಾರಾ? ರಿಪೇರಿಯಾದ ಪೈಪಿನಲ್ಲಿ ಉಳಿದ ಗಾಳಿ, ತೇವ ಪೂರ್ತಿ ಎಳೆದು ತೆಗೆದ ಮೇಲೇ ಗ್ಯಾಸ್ ಬಿಡಬೇಕು.

ಮೂರು, ತೂಕ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್‌ಗೆ ಅಂಟಿಸಿದ ಪಟ್ಟಿಯಲ್ಲೇ ಬರೆದಿರುತ್ತೆ. ತಕ್ಕಡಿ ಇಟ್ಟು ಅಷ್ಟೇ ತುಂಬಬೇಕು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ವೇಗ ಬದಲಾದಂತೆ ಗೇಜ್ ಮುಳ್ಳೂ ಬದಲಾಗುತ್ತೆ, ಬರೀ ಗೇಜ್ ನೋಡಿ ಅಂದಾಜು ಮಾಡೋದು ಸರಿಯಲ್ಲ.

ನಾಲ್ಕು, ಗ್ಯಾಸ್‌ನ ಜಾತಿ. ಹಳೇ ಎಸಿಗಳಲ್ಲಿ ಆರ್-22 ಇರುತ್ತೆ. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದಡಿ ಇದರ ಬಳಕೆಯನ್ನ ಹಂತ ಹಂತವಾಗಿ ನಿಲ್ಲಿಸಲಾಗುತ್ತಿದೆ. ಹೊಸದರಲ್ಲಿ ಹೆಚ್ಚಾಗಿ ಆರ್-32, ಕೆಲವದರಲ್ಲಿ ಆರ್-290. ಆರ್-32ಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುತ್ತೆ. ಆರ್-290 ಅಂದ್ರೆ ಪ್ರೊಪೇನ್, ಅಡುಗೆ ಗ್ಯಾಸ್‌ನಂತೆ ಬೇಗ ಹೊತ್ತಿಕೊಳ್ಳುತ್ತೆ. ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆಗೆದಿರಲಿ, ಬೀಡಿ, ದೇವರ ದೀಪ, ಊದುಬತ್ತಿ ಯಾವುದೂ ಹತ್ತಿರ ಬೇಡ. ಒಂದರ ಬದಲು ಇನ್ನೊಂದು ಗ್ಯಾಸ್ ತುಂಬೋದಂತೂ ಬೇಡವೇ ಬೇಡ.

ಅಂಗಡಿಯವರು ಗಮನಿಸಿ

ಅಂಗಡಿ ಎಸಿ ದಿನಕ್ಕೆ ಹತ್ತು ಹನ್ನೆರಡು ತಾಸು ಓಡುತ್ತೆ, ಬಾಗಿಲು ತೆಗೆದು ಮುಚ್ಚೋದೇ ಕೆಲಸ. ಮನೆ ಎಸಿಗಿಂತ ಬೇಗ ಕೊಳೆ ಆಗುತ್ತೆ.

- ಬಟ್ಟೆ ಅಂಗಡಿ, ಟೈಲರ್: ನೂಲಿನ ಎಳೆ ಫಿಲ್ಟರ್ ಮೇಲೆ ಕಂಬಳಿಯಂತೆ ಕೂರುತ್ತೆ. ವಾರಕ್ಕೊಮ್ಮೆ ತೊಳೀಬೇಕು.
- ಬ್ಯೂಟಿ ಪಾರ್ಲರ್, ಸಲೂನ್: ಹೇರ್ ಸ್ಪ್ರೇ ಅಂಟು, ಕೂದಲಿನ ಚೂರು ಎರಡೂ ಸೇರಿದರೆ ಬರೀ ನೀರಿಗೆ ಹೋಗಲ್ಲ. ಕಾಯಿಲ್ ಕ್ಲೀನರ್ ಬೇಕಾಗುತ್ತೆ.
- ಹೋಟೆಲ್, ಬೇಕರಿ: ಎಣ್ಣೆ ಹೊಗೆ, ಹಿಟ್ಟಿನ ಪುಡಿ ಕಾಯಿಲ್ ಮೇಲೆ ಜಿಡ್ಡಾಗುತ್ತೆ. ಅಡುಗೆಮನೆಯ ಎಕ್ಸಾಸ್ಟ್ ಡಕ್ಟ್ ಇದ್ದರೆ ಅದರ ಒಳಗಿನ ಜಿಡ್ಡನ್ನ ಕೆರೆದು ತೆಗೆಸಲೇಬೇಕು. ಒಲೆಯ ಕಿಡಿ ಆ ಜಿಡ್ಡಿಗೆ ತಾಗಿದರೆ ಬೆಂಕಿ ಡಕ್ಟ್ ಹಿಡಿದು ಮೇಲಕ್ಕೆ ಓಡುತ್ತೆ, ಪಕ್ಕದ ಅಂಗಡಿಗೂ ತಪ್ಪಲ್ಲ.
- ಮೆಡಿಕಲ್ ಶಾಪ್: ಎಷ್ಟೋ ಔಷಧಿಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗೆ ಇಡಿ ಅಂತ ಬರೆದಿರುತ್ತೆ. ಇಲ್ಲಿ ಎಸಿ ಕೆಟ್ಟರೆ ಸೆಕೆ ಒಂದೇ ಅಲ್ಲ, ಮಾಲೂ ಕೆಡಬಹುದು.

ಡಕ್ಟ್ ಇರುವ ಕಟ್ಟಡಗಳಲ್ಲಿ

ದೊಡ್ಡ ಕಲ್ಯಾಣ ಮಂಟಪ, ಚಿತ್ರಮಂದಿರಗಳಲ್ಲಿ ಫಾಲ್ಸ್ ಸೀಲಿಂಗ್ ಮೇಲೆ ತಗಡಿನ ಡಕ್ಟ್ ಹಾಕಿ ಗಾಳಿ ಹಂಚುತ್ತಾರೆ. ಇದನ್ನ ಪೊರಕೆ, ಬಟ್ಟೆಯಿಂದ ತೊಳೆಯೋಕೆ ಆಗಲ್ಲ. ದೊಡ್ಡ ವ್ಯಾಕ್ಯೂಮ್ ಯಂತ್ರ ಒಂದು ಕಡೆಯಿಂದ ಗಾಳಿ ಎಳೆಯುತ್ತಿರುವಾಗ, ಇನ್ನೊಂದು ಕಡೆಯಿಂದ ತಿರುಗುವ ಬ್ರಷ್ ಒಳಗೆ ಬಿಟ್ಟು ಧೂಳು ಎಬ್ಬಿಸಬೇಕು. ಒಳಗಿನ ಗ್ಲಾಸ್ ವುಲ್ ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ ತೊಳೆದು ಪ್ರಯೋಜನ ಇಲ್ಲ, ಬದಲಾಯಿಸಬೇಕು.

ಅಮೆರಿಕದಲ್ಲಿ ಮನೆಗಳಿಗೂ ಇಂಥ ಡಕ್ಟ್ ಇರುತ್ತೆ. ಕಡಿಮೆ ರೇಟಿನ ಜಾಹೀರಾತು ಕೊಟ್ಟು, ಮನೆಗೆ ಬಂದ ಮೇಲೆ "ಬೂಷ್ಟು ಇದೆ" ಅಂತ ಹೆದರಿಸಿ ಬಿಲ್ ಏರಿಸುವ ದಂಧೆ ಅಲ್ಲೂ ಇದೆ. ಡಕ್ಟ್ ತೊಳೆಸಿದರೆ ಕಾಯಿಲೆ ತಪ್ಪುತ್ತೆ ಅನ್ನೋದು ಸಾಬೀತಾಗಿಲ್ಲ, ಕಣ್ಣಿಗೆ ಕಾಣುವಷ್ಟು ಬೂಷ್ಟು, ಇಲಿ, ಹುಳದ ಕಾಟ ಅಥವಾ ಧೂಳು ಕಟ್ಟಿಕೊಂಡಿದ್ದರೆ ಮಾತ್ರ ತೊಳೆಸಿ ಅನ್ನೋದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಇಲ್ಲಿಗೂ ಅದೇ ಮಾತು ಒಪ್ಪುತ್ತೆ: ಮೊದಲು ಕೊಳೆ ತೋರಿಸಲಿ, ಆಮೇಲೆ ರೇಟ್ ಹೇಳಲಿ.

ಬಿಲ್ ತಗೊಳ್ಳಿ

ಕೆಲಸ ಶುರುವಾಗೋ ಮೊದಲೇ ಜೆಟ್ ಸರ್ವಿಸ್‌ಗೆ ಎಷ್ಟು, ಗ್ಯಾಸ್‌ಗೆ ಎಷ್ಟು ಅಂತ ಬೇರೆ ಬೇರೆ ಕೇಳಿ. ವಾರಂಟಿ ಇದ್ದರೆ ಕಂಪನಿ ಸರ್ವಿಸ್‌ಗೇ ಮೊದಲು ಫೋನ್ ಮಾಡಿ. ಹೊರಗಿನವರು ಬಿಚ್ಚಿದರೆ ವಾರಂಟಿ ಹೋಗಬಹುದು. ಗ್ಯಾಸ್ ತುಂಬಿಸಿದರೆ ಯಾವ ಗ್ಯಾಸ್, ಎಷ್ಟು ಗ್ರಾಂ, ಎಷ್ಟು ತಿಂಗಳ ಗ್ಯಾರಂಟಿ ಅಂತ ಬಿಲ್‌ನಲ್ಲೇ ಬರೆಸಿಕೊಳ್ಳಿ.

ಮೋಸ ಆಗಿದೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಬಿಲ್ ಇಲ್ಲದಿದ್ದರೆ ಮಾತ್ರ ಎರಡೂ ಕಡೆ ಕಷ್ಟ.

ಹಂಗಂತ ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರಲ್ಲ. ಐಟಿಐನಲ್ಲಿ ಎಸಿ, ಫ್ರಿಡ್ಜ್ ಟ್ರೇಡ್ ಕಲಿತು ನಿಯತ್ತಾಗಿ ದುಡಿಯುವವರು ಪ್ರತಿ ಊರಲ್ಲೂ ಇದ್ದಾರೆ. ಒಂದೂವರೆ ತಾಸು ಕೂತು ತೊಳೆಯುವವರಿಗೆ ಅದಕ್ಕೆ ತಕ್ಕ ಕೂಲಿ ಕೊಡಬೇಕು. "ಬೇಗ ಮುಗಿಸಪ್ಪ, ಕಮ್ಮಿ ಮಾಡ್ಕೋ" ಅಂತ ಚೌಕಾಸಿ ಮಾಡಿದರೆ ಅವರೂ ಬಟ್ಟೆ ಆಡಿಸಿ ಹೋಗ್ತಾರೆ.

ಸರ್ವಿಸ್ ಮಾಡಿಸಲು ಒಳ್ಳೇ ಸಮಯ ಫೆಬ್ರವರಿ. ಮೆಕ್ಯಾನಿಕ್‌ಗೆ ಪುರುಸೊತ್ತು ಇರುತ್ತೆ, ನಿಮಗೂ ನಿಂತು ನೋಡೋ ತಾಳ್ಮೆ ಇರುತ್ತೆ. ಧೂಳು ಜಾಸ್ತಿ ಇರುವ ಕಡೆಯವರು, ಅಂಗಡಿಯವರು ಮೇ ತಿಂಗಳ ಹೊತ್ತಿಗೆ ಇನ್ನೊಮ್ಮೆ ಮಾಡಿಸೋದು ಒಳ್ಳೇದು.