ಮಸೂರದ ಮುಂದಿನ ಜಾಲರಿ

ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದವರೆಂದು ನೀವು ಬಲ್ಲಿರಿ. ಅವರು ತೆರೆಯ ಮೇಲೆ ನಟಿಸಿದವರೂ ಹೌದು. ಆ ಕಾಲದ ಕಪ್ಪು-ಬಿಳುಪು ಚಿತ್ರಗಳಲ್ಲಿ ಎಷ್ಟೋ ನಟಿಯರ ಮುಖ ಹಾಲಿನ ಕೆನೆಯಂತೆ ನುಣುಪಾಗಿ ಕಾಣುವುದನ್ನು ಗಮನಿಸಿರಬಹುದು. ದೇಶವಿದೇಶಗಳ ಛಾಯಾಗ್ರಾಹಕರು ಮಸೂರದ ಮುಂದೆ ತೆಳುವಾದ ಜಾಲರಿ ಬಟ್ಟೆ ಕಟ್ಟುತ್ತಿದ್ದರು. ಕೆಲವರು ಗಾಜಿಗೆ ವ್ಯಾಸಲೀನ್ ಸವರುತ್ತಿದ್ದರು. ಮೊಡವೆಯ ಜತೆಗೆ ಕಣ್ಣಿನ ಹೊಳಪೂ ಮಸುಕಾಗುತ್ತಿತ್ತೆನ್ನಿ!

ಹಳೆಯ ದೂರದರ್ಶನ ಚಿತ್ರದಲ್ಲಿದ್ದುದು 576 ಗೆರೆಗಳು. ಸಣ್ಣ ಕಲೆಗಳು ತಾವಾಗಿಯೇ ಅಡಗುತ್ತಿದ್ದವು. ಹೈ ಡೆಫಿನಿಷನ್ನಿನ 1080 ಗೆರೆಗಳು ಬಂದಾಗ ಬಣ್ಣ ಹಚ್ಚಿದ್ದೂ ಕಂಡಿತು, ಅದು ಮುಚ್ಚಿದ್ದೂ ಕಂಡಿತು. ಕ್ಯಾಮೆರಾದ ವಿದ್ಯುನ್ಮಂಡಲಕ್ಕೇ ಈ ಕೆಲಸ ಒಪ್ಪಿಸುವುದೂ ಉಂಟು. ಚರ್ಮದ ಬಣ್ಣವಿರುವಲ್ಲಿ ಮಾತ್ರ ಸೂಕ್ಷ್ಮ ವಿವರವನ್ನು ತಗ್ಗಿಸುವುದು ಅದರ ರೀತಿ. ಆದರೆ ಅದಕ್ಕೆ ಬಣ್ಣವಷ್ಟೇ ಗೊತ್ತು. ರಬಕವಿ-ಬನಹಟ್ಟಿಯ ಮಗ್ಗದ ಸೀರೆ ಗೋಧಿಬಣ್ಣದ್ದಾದರೆ ಅದರ ನೇಯ್ಗೆಯೂ ಕರಗೀತು. 1998ರಲ್ಲಿ ತೊಮಾಸಿ ಮತ್ತು ಮಂಡುಚಿ ಎಂಬ ವಿಜ್ಞಾನಿಗಳು ಪ್ರಕಟಿಸಿದ ವಿಧಾನ ಇನ್ನೂ ಜಾಣತನದ್ದು. ಅಕ್ಕಪಕ್ಕದ ಬಿಂದುಗಳಲ್ಲಿ ಬಣ್ಣ ಹೋಲುವವುಗಳಿಗೇ ಹೆಚ್ಚು ಬೆಲೆ ಕೊಟ್ಟು ಸರಾಸರಿ ತೆಗೆಯುವುದರಿಂದ, ಕೆನ್ನೆ ನುಣುಪಾದರೂ ರೆಪ್ಪೆಯ ಅಂಚು ಉಳಿಯುತ್ತದೆ.

ಇಲ್ಲೊಂದು ಮಾತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಆ ಕಲೆ ಹೊತ್ತ ಮುಖಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಜಮಖಂಡಿಯಲ್ಲೋ ಮುಧೋಳದಲ್ಲೋ ಅಂಥ ಅಜ್ಜಿಯೊಬ್ಬರ ಸಂದರ್ಶನ ನಡೆದರೆ, ಕಲೆ ಇರಲೋ ಬೇಡವೋ ಎಂದು ಅವರನ್ನೇ ಕೇಳುವುದು ಲೇಸು. ಕ್ಯಾಮೆರಾದಲ್ಲೇ ಅಳಿಸಿದ್ದು ಮರಳಿ ಬಾರದು. ಮೂಲ ಮುದ್ರಣವನ್ನು ಹಾಗೆಯೇ ಇಟ್ಟು ಪ್ರಸಾರದ ಪ್ರತಿಯನ್ನಷ್ಟೇ ಮೃದುಗೊಳಿಸಿದರೆ, ಮೊಮ್ಮಕ್ಕಳು ಎರಡನ್ನೂ ನೋಡಬಹುದು.